ಜಗಲಿಯ ಮೇಲಿನ ಪೇಟೆ

ನಮ್ಮ ಮನೆಯ ಜಗಲಿಯಲ್ಲಿ, ಹೊರಬಾಗಿಲಿನ ಎಡಕ್ಕೆ, ಹಲಸಿನ ಮರದ ಒಂದು ಬೆಂಚು ಉಂಟು. ಅದರಡಿಯ ಹಲಗೆಯ ಮೇಲೆ ಏಳು ಆಲ್ಬಮ್ಮುಗಳನ್ನು ಸಾಲಾಗಿ ಇರಿಸಿದ್ದೇನೆ. ಮದುವೆಯ ಕರೆಯೋಲೆ ಕೊಡಬಂದವರು, ಅಡಿಕೆಯ ಧಾರಣೆಯನ್ನು ಮಾತನಾಡಬಂದವರು, ನನ್ನ ಹಳೆಯ ಶಿಷ್ಯರು, ವಿದ್ಯುತ್ತಿನ ಲೆಕ್ಕ ಬರೆದುಕೊಳ್ಳುವ ಹುಡುಗ, ಯಾರೇ ಬರಲಿ, ಒಳಗಿನಿಂದ ಕುಡಿಯಲು ಏನಾದರೂ ಬರುವ ತನಕ ಅವರ ಕೈ ತಾನಾಗಿ ಆ ಹಲಗೆಯ ಕಡೆಗೆ ಹೋಗುವುದು. ಏಳರಲ್ಲಿಯೂ ಇರುವ ವಸ್ತು ಒಂದೇ, ಸಾಗರದ ಪೇಟೆ. ಹೆಂಚಿನ ಅಂಗಡಿಗಳು, ಮಂಡಿಗಳ ಅಂಗಳ, ಗಣಪತಿ ಕೆರೆಯ ಏರಿ, ಗುಡಿಗಾರರ ಕೆಲಸದ ಮನೆ, ಹೊಸನಗರಕ್ಕೆ ಹೋಗುವ ಬೆಳಗಿನ ಬಸ್ಸು, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಇಂಥವು. ಪೇಟೆಗೆ ಬಂದು ಹೋಗುವ ಹಳ್ಳಿಗಳ ದಾರಿಗಳೂ ಕೆಲವು ಸೇರಿಕೊಂಡಿವೆ.

ನನ್ನ ಸೋದರಳಿಯನೊಬ್ಬನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾನೆ. ಪ್ರತಿ ಸಲ ಬಂದಾಗಲೂ ಆ ಬೆಂಚಿನ ಮೇಲೆ ಕುಳಿತು ಒಂದೇ ಪ್ರಶ್ನೆಯನ್ನು ಕೇಳುವನು.

“ಮಾವ, ಇವನ್ನು ಲೋಕವೆಲ್ಲ ನೋಡಬಹುದು. ನೀವು ಬೆಂಚಿನಡಿಯಲ್ಲಿ ಬಚ್ಚಿಟ್ಟಿದ್ದೀರಲ್ಲ, ಎಂತಕ್ಕೆ?”

ಪ್ರತಿ ಸಲವೂ ನಾನು ನಕ್ಕು ಸುಮ್ಮನಾಗುವೆನು. ಅವನಿಗೆ ಸರಿಯಾದ ಉತ್ತರವನ್ನು ಹೇಳಬೇಕೆಂದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುವುದು. ಎದುರಿಗೆ ಹೇಳುವುದಕ್ಕಿಂತ ಬರೆಯುವುದು ಸುಲಭವೆಂದು ತೋರಿ ಇಲ್ಲಿ ಬರೆಯುತ್ತಿದ್ದೇನೆ.

ಪೇಟೆಯ ಚಿತ್ರ ತೆಗೆಯುವ ಹುಚ್ಚು ನನಗೆ ಹಿಡಿದುದು ಜೋಗದಿಂದಾಗಿ. ಸಾಗರದಿಂದ ಜೋಗಕ್ಕೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಮಳೆ ಹಿಡಿದು ಶರಾವತಿ ತುಂಬಿತೆಂದರೆ, ರೈಲಿನಲ್ಲಿ ತಾಳಗುಪ್ಪಕ್ಕೆ ಬಂದಿಳಿದವರು, ಕಾರುಗಳಲ್ಲಿ ಬಂದವರು, ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು, ಎಲ್ಲರೂ ಅತ್ತ ಧಾವಿಸುವರು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳೂ 830 ಅಡಿಯ ಆಳಕ್ಕೆ ಬೀಳುವುದನ್ನು ನೋಡಲು ಬಂದವರು ಅದಕ್ಕೆ ಬೆನ್ನು ಕೊಟ್ಟು ನಿಂತು ತಮ್ಮ ಮುಖವನ್ನೇ ಚಿತ್ರಿಸಿಕೊಳ್ಳುವರು. ನಾನು ಅದನ್ನು ಹಳಿಯುವುದಿಲ್ಲ. ನಾನೂ ಹಾಗೆ ನಿಂತವನೇ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಜೋಗದಲ್ಲಿ ನೀರಿರುವುದೂ ಇಲ್ಲದಿರುವುದೂ ಮೋಡದೊಂದಿಗೆ ವಿದ್ಯುತ್ತಿನ ಲೆಕ್ಕಕ್ಕೂ ಸೇರಿದ ಸಂಗತಿಯಾಯಿತು. ಆದರೂ ಅದರ ಚಿತ್ರಗಳಿಗೆ ಬರವಿಲ್ಲ. ಒಂದು ಶ್ರಾವಣದ ಮಧ್ಯಾಹ್ನ ಅಲ್ಲಿಂದ ಹಿಂತಿರುಗಿ ಪೇಟೆಯ ಬಸ್‌ನಿಲ್ದಾಣದಲ್ಲಿ ಇಳಿದಾಗ ನನಗೆ ತಟ್ಟನೆ ಹೊಳೆಯಿತು: ಈ ಎಲ್ಲ ಸಾವಿರಾರು ಜನರೂ ನಮ್ಮೂರಿನ ನಡುವೆಯೇ ಹಾದು ಹೋಗುತ್ತಾರೆ, ಒಬ್ಬನಾದರೂ ಇಲ್ಲಿ ನಿಂತು ಈ ಬೀದಿಯನ್ನು ಚಿತ್ರಿಸಿದ್ದಾನೆಯೆ? ಎದುರಿಗಿದ್ದ ಹೆಂಚಿನ ಅಂಗಡಿಯ ಅಟ್ಟದ ಮೇಲೆ ಒಬ್ಬ ಮುದುಕನು ಮಳೆಯನ್ನು ನೋಡುತ್ತ ಕುಳಿತಿದ್ದನು. ಅದು ನನ್ನ ಮೊದಲ ಚಿತ್ರ. ಆ ಅಂಗಡಿ ಈಗ ಇಲ್ಲ, ಮುದುಕನೂ ಇಲ್ಲ. ಆ ಸ್ಥಳದಲ್ಲಿ ಮೂರು ಅಂತಸ್ತಿನ ಕಟ್ಟಡವೊಂದು ಎದ್ದಿದೆ.

ಮೊದಲ ಕೆಲವು ವರ್ಷ ನಾನೂ ಎಲ್ಲರಂತೆ ಚಿತ್ರಗಳನ್ನು ಸಾಮಾಜಿಕ ಜಾಲತಾಣಕ್ಕೇ ಏರಿಸಿದೆನು. ಆಗ ಆದ ಸಂತೋಷವನ್ನು ಮುಚ್ಚಿಡಲಾರೆ. ಬೆಳಗ್ಗೆ ಏರಿಸಿದ ಚಿತ್ರಕ್ಕೆ ಮಧ್ಯಾಹ್ನದ ಊಟದೊಳಗೆ ನೂರು ಮೆಚ್ಚುಗೆ! ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಷ್ಟು ಮೆಚ್ಚುಗೆ ಒಟ್ಟಿಗೆ ಎಂದೂ ಬಂದಿರಲಿಲ್ಲ. ಆದರೆ ಕ್ರಮೇಣ ಒಂದು ವಿಷಯ ಗಮನಕ್ಕೆ ಬಂದಿತು. ಮಂಜಿನ ಚಿತ್ರಕ್ಕೆ ನೂರು ಬಂದರೆ ಮಂಡಿಯ ಗುಮಾಸ್ತನ ಚಿತ್ರಕ್ಕೆ ಒಂಬತ್ತು. ಕೆಂಪು ಕೊಡೆ ಹಿಡಿದು ಹೋಗುವ ಹುಡುಗಿಗೆ ಇನ್ನೂರು ಬಂದರೆ, ಚಾಲಿ, ರಾಶಿ, ಸಿಪ್ಪೆಗೋಟುಗಳನ್ನು ಬೇರೆಬೇರೆ ಮಾಡಿ ಸುರಿದಿದ್ದ ಅಂಗಳಕ್ಕೆ ನಾಲ್ಕು. ಆ ನಾಲ್ಕರಲ್ಲಿ ಒಂದು ನನ್ನ ಅಳಿಯನದು. ಯಾರೂ ನನಗೆ ಹೀಗೆ ಮಾಡೆಂದು ಹೇಳಲಿಲ್ಲ. ಆದರೂ ಮಾಘದ ಬೆಳಗುಗಳಲ್ಲಿ ನಾನು ಮಂಜಿಗಾಗಿ ಕಾಯತೊಡಗಿದೆನು. ಕೆಂಪು ಕೊಡೆ ಬರುವ ತನಕ ಬೀದಿಯ ತಿರುವಿನಲ್ಲಿ ಅರ್ಧ ತಾಸು ನಿಂತುದೂ ಉಂಟು. ಪೇಟೆಯು ನನಗೆ ತೋರಿಸುತ್ತಿದ್ದುದನ್ನು ನಾನು ನೋಡುವುದು ನಿಂತಿತ್ತು.

ಚಿತ್ರದ ಆಕಾರವನ್ನು ಕೂಡ ಇನ್ನೊಬ್ಬರು ಗೊತ್ತುಮಾಡುವ ಕಾಲ ಅದು. ಇನ್‌ಸ್ಟಾಗ್ರಾಮ್ ಎಂಬ ತಾಣವು 2010ರಲ್ಲಿ ಪ್ರಾರಂಭವಾದಾಗ ಅಲ್ಲಿ ಚೌಕಾಕಾರದ ಚಿತ್ರಗಳಿಗೆ ಮಾತ್ರ ಸ್ಥಳವಿತ್ತು. ಬೇರೆ ಆಕಾರಗಳಿಗೆ ಅಪ್ಪಣೆಯಾದುದು 2015ರಲ್ಲಿ. ಹತ್ತು ವರ್ಷ ಕಳೆದ ಮೇಲೆ, 2025ರಲ್ಲಿ, ಸಾಲುಸಾಲಾಗಿ ಚೌಕವಾಗಿ ಕಾಣುತ್ತಿದ್ದ ಚಿತ್ರಗಳೆಲ್ಲ ಉದ್ದನೆಯ ಆಯತಗಳಾಗಿ ಕಾಣುವಂತೆ ಅವರು ಮತ್ತೆ ಮಾರ್ಪಡಿಸಿದರು. ಚೌಕದ ಲೆಕ್ಕದಲ್ಲಿ ಹೊಂದಿಸಿಟ್ಟಿದ್ದವರ ಗತಿ ಏನು? ಬಾಡಿಗೆಯ ಮನೆಯ ಗೋಡೆಯಲ್ಲಿ ಮೊಳೆ ಹೊಡೆದವನ ಗತಿಯೇ. ಇನ್ನು ಮನೆಯನ್ನೇ ಕೆಡವಿದರೆ? ಆರ್ಕುಟ್ ಎಂಬ ತಾಣವು ಒಂದು ಕಾಲದಲ್ಲಿ ನಮ್ಮ ಕಾಲೇಜಿನ ಹುಡುಗರಿಗೆಲ್ಲ ಎರಡನೆಯ ಮನೆಯಾಗಿತ್ತು. 2014ರ ಸೆಪ್ಟೆಂಬರಿನ ಕೊನೆಯ ದಿನ ಅದರ ಬಾಗಿಲು ಮುಚ್ಚಿತು. ಗೂಗಲ್ ಪ್ಲಸ್ ಎಂಬುದು 2019ರ ಏಪ್ರಿಲಿನಲ್ಲಿ ಮುಚ್ಚಿತು. ಅದೇ ವರ್ಷ ಮೈಸ್ಪೇಸ್ ಎಂಬ ಇನ್ನೊಂದು ಹಳೆಯ ತಾಣದವರು, ಯಂತ್ರಗಳನ್ನು ಬದಲಾಯಿಸುವಾಗ ಹಳೆಯ ಹಾಡುಗಳೂ ಚಿತ್ರಗಳೂ ಕಳೆದುಹೋದವೆಂದು ತಿಳಿಸಿ ಕ್ಷಮೆ ಕೇಳಿದರು. ಮಾರಿಕಾಂಬಾ ಜಾತ್ರೆಯಲ್ಲಿ ಬಲೂನು ಮಾರುವವನು ಕೂಡ ಅಂಗಡಿ ಕಟ್ಟುವ ಮುಂಚೆ ಗಿರಾಕಿಯ ಚಿಲ್ಲರೆಯನ್ನು ಕೊಟ್ಟೇ ಹೋಗುವನು.

ಇಷ್ಟೆಲ್ಲ ಸಹಿಸಬಹುದಾಗಿತ್ತು. ನನ್ನ ಹೊಸನಗರದ ದಾರಿಯ ಚಿತ್ರವೊಂದು ಕೊಡಗಿನದೆಂಬ ಹೆಸರಿನಿಂದ ಊರೂರು ಸುತ್ತಿ ಕೊನೆಗೆ ನನ್ನ ಫೋನಿಗೇ ಶುಭೋದಯವಾಗಿ ಬಂದಿತು. ಅದನ್ನು ನೋಡಿ ನಕ್ಕೆನು. ನಮ್ಮ ಸೀಮೆಗೆ ಬೇರೆ ಹೆಸರು ಬರುವುದು ಹೊಸತೇನೂ ಅಲ್ಲ. ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದಾಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿಯು ಮಾಲ್ಗುಡಿಯಾಯಿತು. ಹೊಸನಗರ ತಾಲ್ಲೂಕಿನ ಅರಸಾಳಿನ ಹಳೆಯ ರೈಲು ನಿಲ್ದಾಣಕ್ಕೆ ಇಂದು ಮಾಲ್ಗುಡಿ ವಸ್ತುಸಂಗ್ರಹಾಲಯವೆಂದೇ ಹೆಸರು. ಆಗುಂಬೆಯವರು ಅದನ್ನು ಅಭಿಮಾನದಿಂದಲೇ ಹೇಳಿಕೊಳ್ಳುತ್ತಾರೆ. ಊರು ಹೆಸರನ್ನು ಬದಲಾಯಿಸಿಕೊಂಡು ಬಾಳಬಹುದು. ಮನುಷ್ಯನಿಗೆ ಅದು ಅಷ್ಟು ಸುಲಭವಲ್ಲ.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಬಸ್‌ನಿಲ್ದಾಣಕ್ಕೆ ಹೋಗಿದ್ದೆನು. ಕಲ್ಲುಬೆಂಚಿನ ಮೇಲೆ ಒಬ್ಬನು ಗೋಣಿತಾಟನ್ನು ಹೊದೆದು ಮುದುಡಿ ಮಲಗಿದ್ದನು. ಅವನ ಕಾಲ ಬಳಿಯಲ್ಲಿ ಒಂದು ಕಂದು ನಾಯಿ, ಅವನು ಮುದುಡಿದ್ದಂತೆಯೇ ಮುದುಡಿ, ಅವನು ತಲೆಯಿಟ್ಟಿದ್ದ ದಿಕ್ಕಿಗೇ ತಲೆಯಿಟ್ಟು ಮಲಗಿತ್ತು. ಎರಡು ದೇಹಗಳ ಆ ಸಾಮ್ಯವನ್ನು ಕಂಡು ನನಗೆ ಹಿಗ್ಗಾಯಿತು. ಚಿತ್ರ ತೆಗೆದು, “ಇಬ್ಬರು ಮಿತ್ರರು” ಎಂದು ಕೆಳಗೆ ಬರೆದು, ಮನೆಗೆ ಬರುವ ಮೊದಲೇ ಏರಿಸಿಬಿಟ್ಟೆನು. ಅದಕ್ಕೆ ಬಂದಷ್ಟು ಮೆಚ್ಚುಗೆ ನನ್ನ ಯಾವ ಚಿತ್ರಕ್ಕೂ ಬಂದಿರಲಿಲ್ಲ. ಎರಡನೆಯ ದಿನ ಯಾರೋ ನನ್ನ ಮಾತನ್ನು ಅಳಿಸಿ ಕುಡಿತದ ಮೇಲೆ ಒಂದು ಹಾಸ್ಯದ ಮಾತನ್ನು ಬರೆದರು. ಮೂರನೆಯ ದಿನ ಅದು ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೇ ಬಂದಿತು. ಚಿತ್ರ ನನ್ನದೆಂಬುದು ಅಲ್ಲಿ ಯಾರಿಗೂ ತಿಳಿಯದು, ಎಲ್ಲರೂ ನಗುತ್ತಿದ್ದರು.

ಆತನು ಕುಡಿದಿರಲಿಲ್ಲ. ಮಂಡಿಯ ಗುಮಾಸ್ತನೊಬ್ಬನಿಂದ ನನಗೆ ಆ ಮೇಲೆ ತಿಳಿಯಿತು. ಹಮಾಲಿಯ ಕೆಲಸದವನು, ಸುಗ್ಗಿಯ ದಿನಗಳು, ನಡುರಾತ್ರಿಯವರೆಗೆ ಲಾರಿಗೆ ಚೀಲ ತುಂಬಿ, ಊರಿನ ಮೊದಲ ಬಸ್ಸಿಗಾಗಿ ಕಾದು ಅಲ್ಲಿಯೇ ಕಣ್ಣು ಮುಚ್ಚಿದ್ದನು. ಅವನ ಮಗಳು ಪಿಯುಸಿ ಓದುತ್ತಿದ್ದಳು. ಅವಳ ತರಗತಿಯ ಹುಡುಗರ ಫೋನುಗಳಲ್ಲಿ ಅವಳ ತಂದೆಯು ನಾಯಿಯೊಡನೆ ಮಲಗಿದ್ದನು. ಒಂದು ವಾರ ಅವಳು ಕಾಲೇಜಿಗೆ ಹೋಗಲಿಲ್ಲವಂತೆ.

ನಾನು ಚಿತ್ರವನ್ನು ಕೂಡಲೇ ತೆಗೆದುಹಾಕಿದೆನು. ತೆಗೆದುಹಾಕಿದೆನೆಂಬುದು ಮಾತು ಅಷ್ಟೆ. ನನ್ನ ಪುಟದಿಂದ ಹೋಯಿತೇ ಹೊರತು ಸಾವಿರ ಫೋನುಗಳಿಂದ ಹೋದುದಲ್ಲ. ಅಂದು ಸಂಜೆಯೇ ಮಂಡಿಗೆ ಹೋಗಿ ಆತನನ್ನು ಕಂಡು, ಆ ಚಿತ್ರ ತೆಗೆದವನು ನಾನೆಂದು ಹೇಳಿ, ಕ್ಷಮಿಸಬೇಕೆಂದು ಕೇಳಿದೆನು. ಬೈಯುವನೆಂದು ಎಣಿಸಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಆತನು ಹೆಗಲ ಮೇಲಿನ ಟವಲಿನಿಂದ ಮುಖವನ್ನು ಒರಸಿಕೊಂಡು, ನನ್ನನ್ನು ಸಮಾಧಾನಪಡಿಸುವವನಂತೆ ಇಷ್ಟೇ ಹೇಳಿದನು:

“ಆ ನಾಯಿ ಯಾರದ್ದು ಅಂತ ನನಗೆ ಗೊತ್ತಿಲ್ಲ ಮೇಷ್ಟ್ರೇ.”

ಅಂದಿಗೆ ನನ್ನ ಏರಿಸುವಿಕೆ ಮುಗಿಯಿತು. ಒಂದು ವರ್ಷ ಕ್ಯಾಮೆರಾವನ್ನೇ ಮುಟ್ಟಲಿಲ್ಲ. ಆ ಮೇಲೆ ಮಳೆಗಾಲದ ಒಂದು ದಿನ, ಸುಮ್ಮನೆ ಕುಳಿತಿರಲಾರದೆ, ಹಳೆಯ ಚಿತ್ರಗಳಲ್ಲಿ ಮುನ್ನೂರನ್ನು ಆರಿಸಿ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ, ಕಪ್ಪು ಹಾಳೆಗಳ ಆಲ್ಬಮ್ಮಿಗೆ ಮೂಲೆಕಾಗದ ಹಚ್ಚಿ ಕೂರಿಸಿದೆನು. ಜಗಲಿಯಲ್ಲಿಡಬೇಕೆಂಬ ಯೋಚನೆ ನನ್ನದಲ್ಲ. ಒಳಗಿನ ಕಪಾಟಿನಲ್ಲಿ ಜಾಗವಿಲ್ಲವೆಂದು ನನ್ನ ಹೆಂಡತಿಯು ಅಲ್ಲಿ ತಂದಿರಿಸಿದಳು.

ಮಲೆನಾಡಿನಲ್ಲಿ ಚಿತ್ರ ಕಾಯುವುದೆಂದರೆ ಹಸುಗೂಸನ್ನು ಕಾದಂತೆ. ಆರಿದ್ರಾ ಮಳೆ ಹಿಡಿಯಿತೆಂದರೆ ಚರ್ಮದ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಚಿತ್ರದ ಮೇಲ್ಮೈಯಲ್ಲಿರುವ ಅಂಟಂತೂ ಬೂಷ್ಟಿಗೆ ಮೃಷ್ಟಾನ್ನ. ಮೊದಲ ಮಳೆಗಾಲದಲ್ಲಿಯೇ ಗಣಪತಿ ಕೆರೆಯ ನೀರಿನ ಮೇಲೆ ಬಿಳಿಯ ಹೂವುಗಳು ಅರಳಿಬಿಟ್ಟವು. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ಏಳು ಆಲ್ಬಮ್ಮುಗಳೂ ರಾತ್ರಿಯಲ್ಲಿ ಬಚ್ಚಲೊಲೆಯ ಹಿಂದಿನ ಬೆಚ್ಚನೆಯ ಗೂಡಿನಲ್ಲಿ ಮಲಗಿ ಬೆಳಗ್ಗೆ ಜಗಲಿಗೆ ಬರುತ್ತವೆ. ಮೂಲಪ್ರತಿಗಳನ್ನು ಅಳಿಯನು ಎರಡು ಹಾರ್ಡ್‌ಡಿಸ್ಕುಗಳಲ್ಲಿ ಇಟ್ಟಿದ್ದಾನೆ. ಒಂದು ಇಲ್ಲಿ, ಒಂದು ಬೆಂಗಳೂರಿನಲ್ಲಿ. ಅಷ್ಟರ ಮಟ್ಟಿಗೆ ಅವನ ವಿದ್ಯೆಗೆ ನಾನು ಋಣಿ.

ಜಗಲಿಯಲ್ಲಿ ಕುಳಿತು ನೋಡುವವರು ಮೆಚ್ಚುವುದಿಲ್ಲ. ಇದು ನನಗೆ ಮೊದಲಿಗೆ ಸ್ವಲ್ಪ ನೋವನ್ನೇ ಉಂಟುಮಾಡಿತು. ಅವರು ತಿದ್ದುತ್ತಾರೆ. “ಇದು ಸೊರಬದ ರಸ್ತೆ ಅಲ್ಲ ಮೇಷ್ಟ್ರೇ, ಅದರ ಹಿಂದಿನದು”, “ಈ ಅಂಗಡಿಗಿಂತ ಮುಂಚೆ ಇಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು”, “ಅಯ್ಯೋ, ಇವಳು ನಮ್ಮ ಅತ್ತಿಗೆಯ ತಂಗಿ, ಈಗ ದಾವಣಗೆರೆಯಲ್ಲಿದ್ದಾಳೆ”, ಹೀಗೆ. ಆದುದರಿಂದ ಪ್ರತಿಯೊಂದು ಚಿತ್ರದ ಕೆಳಗೂ ಬಿಳಿಯ ಕಾಗದದ ಒಂದು ಪಟ್ಟಿಯನ್ನು ಅಂಟಿಸಿ, ಬೆಂಚಿನ ಕಾಲಿಗೆ ಒಂದು ಪೆನ್ಸಿಲನ್ನು ದಾರದಿಂದ ಕಟ್ಟಿದೆನು. ತಿಳಿದವರು ತಿಳಿದುದನ್ನು ಬರೆಯಬಹುದು. ಕೆಲವು ಕಡೆ ಒಬ್ಬರು ಬರೆದುದನ್ನು ಇನ್ನೊಬ್ಬರು ಹೊಡೆದುಹಾಕಿದ್ದಾರೆ, ಬಿ. ಎಚ್. ರಸ್ತೆಯ ಒಂದು ಹಳೆಯ ಹೋಟೆಲಿನ ವಿಷಯದಲ್ಲಿ ಮೂರು ಕೈಬರಹಗಳ ವಾಗ್ವಾದವೇ ನಡೆದಿದೆ.

ಪ್ಯಾರಿಸ್ ನಗರದಲ್ಲಿ ಯೂಜೀನ್ ಅಟ್ಜೇ ಎಂಬ ಛಾಯಾಗ್ರಾಹಕನಿದ್ದನು. 1857ರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡವನು. ಭಾರವಾದ ಮರದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಆ ಮಹಾನಗರದ ಹಳೆಯ ಬೀದಿಗಳನ್ನು, ಅಂಗಡಿಗಳ ಮುಂಭಾಗಗಳನ್ನು, ಕೆಡವಲಿದ್ದ ಮನೆಗಳನ್ನು ಮೂವತ್ತು ವರ್ಷ ಚಿತ್ರಿಸಿದನು. ಪ್ರದರ್ಶನಗಳ ಪ್ರಶಸ್ತಿಗಳಿಗಾಗಿ ಅಲ್ಲ. ಕಲಾವಿದರಿಗೆ ಬೇಕಾಗುವ ದಾಖಲೆಗಳು ಇಲ್ಲಿ ದೊರೆಯುತ್ತವೆ ಎಂಬರ್ಥದ ಫಲಕವನ್ನು ಹಾಕಿಕೊಂಡು, ಬೇಕಾದ ಚಿತ್ರಕಾರರಿಗೂ ಪುಸ್ತಕಾಲಯಗಳಿಗೂ ಪ್ರತಿಗಳನ್ನು ಮಾರಿ ಬದುಕಿದನು. 1920ರಲ್ಲಿ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಫಲಕಗಳನ್ನು ಫ್ರೆಂಚ್ ಸರಕಾರವು ಅವನಿಂದ ಕೊಂಡಿತು. ಕೊನೆಗಾಲದಲ್ಲಿ ಹೊಸ ಪಂಥದ ಕಲಾವಿದರು ಅವನ ಚಿತ್ರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಮಾಡಲು ಕೇಳಿದಾಗ, ತನ್ನ ಹೆಸರನ್ನು ಹಾಕಬೇಡಿರೆಂದು ಹೇಳಿದನಂತೆ. ಅಟ್ಜೇಯ ಹೆಸರನ್ನು ಇಲ್ಲಿ ತಂದುದು ಅವನೊಡನೆ ಸರಿಸಾಟಿಯಾಗಿ ನಿಲ್ಲಲು ಅಲ್ಲ. ಬೇಕಾದವರು ಬಾಗಿಲಿಗೆ ಬಂದು ಕೇಳಲಿ ಎಂಬ ಮಾತಿನಲ್ಲಿ ಜಂಬವಿದೆಯೆಂದು ಅಳಿಯನು ಹೇಳುತ್ತಾನೆ. ಆ ಜಂಬಕ್ಕೆ ಒಬ್ಬ ಹಿರಿಯನ ಆಸರೆ ಇರಲಿ ಎಂದು ತಂದೆನು.

ಅಳಿಯನ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ದೂರ ಹೋದವರಿಗೆ ಈ ಜಗಲಿ ಎಲ್ಲಿಯದು? ಹಿಂದೆ ಜಾಲತಾಣದಲ್ಲಿ ನನ್ನ ಚಿತ್ರವೊಂದನ್ನು ಕಂಡು ಮಸ್ಕತ್ತಿನಿಂದ ಒಬ್ಬರು, ತಾವು ಓದಿದ ಶಾಲೆಯ ಮುಂದಿನ ಸಂಪಿಗೆಯ ಮರ ಇನ್ನೂ ಇದೆಯೇ ಎಂದು ಕೇಳಿದ್ದರು. ಅಂಥವರನ್ನು ನಾನು ಕಳೆದುಕೊಂಡೆನು. ಈಗ ಯಾರಾದರೂ ಪತ್ರ ಬರೆದರೆ ಕೇಳಿದ ಬೀದಿಯ ಚಿತ್ರವನ್ನು ಅಂಚೆಯಲ್ಲಿ ಕಳುಹಿಸುತ್ತೇನೆ. ವರ್ಷಕ್ಕೆ ಹತ್ತು ಹನ್ನೆರಡು ಪತ್ರ ಬಂದರೆ ಹೆಚ್ಚು.

ಆದರೆ ಹತ್ತಿರದಲ್ಲಿಯೇ ದೂರವಾದವರೂ ಇದ್ದಾರೆ. ಎರಡು ವರ್ಷದ ಹಿಂದೆ ತುಮರಿಯ ಕಡೆಯ ಒಬ್ಬ ಮುದುಕಿಯು ಆಸ್ಪತ್ರೆಗೆಂದು ಸಾಗರಕ್ಕೆ ಬಂದವಳು, ಮೊಮ್ಮಗನು ಔಷಧಿ ತರುವವರೆಗೆ ನಮ್ಮ ಜಗಲಿಯಲ್ಲಿ ಕುಳಿತಿದ್ದಳು. ಎಂಬತ್ತರ ಹತ್ತಿರದ ವಯಸ್ಸು. ಆಲ್ಬಮ್ಮನ್ನು ಕಂಡು, “ನಮ್ಮೂರಿನ ಪಟ ಒಂದಾದರೂ ಇದೆಯಾ ಮೇಷ್ಟ್ರೇ?” ಎಂದಳು. ಯಾವ ಊರೆಂದು ಕೇಳಿದೆನು. ಅವಳು ಹೇಳಿದುದು ಲಿಂಗನಮಕ್ಕಿಯ ನೀರಿನ ಕೆಳಗಿರುವ ಊರಿನ ಹೆಸರು. ನೀರು ಏರಿದ ವರ್ಷ ಅಲ್ಲಿಂದ ಹೊರಟವರು ದೇವರನ್ನೂ ದನಗಳನ್ನೂ ಬಾಗಿಲ ದಾರಂದವನ್ನೂ ಹೊತ್ತುಕೊಂಡು ಹೋದರು; ಚಿತ್ರ ತೆಗೆಯಲು ಯಾರ ಬಳಿ ಕ್ಯಾಮೆರಾ ಇತ್ತು? 1948ರಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರದ ಅಣೆಕಟ್ಟು ಸಹ ಅದೇ ನೀರಿನಲ್ಲಿ ಮುಳುಗಿದೆ. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಅದು ಮೇಲಕ್ಕೆದ್ದು ಕಾಣುವುದು. ನೋಡಲು ಜನ ಹೋಗುವರು. ಮುಳುಗಿದ ಮನೆಗಳಲ್ಲಿ ಎದ್ದು ಕಾಣುವಂಥದು ಏನೂ ಇಲ್ಲ.

ಅವಳ ಊರಿನ ಪಟ ನನ್ನಲ್ಲಿರಲಿಲ್ಲ. ಇದ್ದುದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಿಸುತ್ತಿದ್ದ ಲಾಂಚಿನ ಚಿತ್ರ. ಸಂಜೆಯ ಕೊನೆಯ ಸರದಿ. ಒಂದು ಬಸ್ಸು, ನಾಲ್ಕು ಬೈಕು, ಪೇಟೆಯಿಂದ ಸಾಮಾನು ಕೊಂಡು ಹಿಂತಿರುಗುವ ಇಪ್ಪತ್ತು ಜನ. ಅದನ್ನು ತೋರಿಸಿದೆನು. ಅವಳು ಕನ್ನಡಕವನ್ನು ಸರಿಪಡಿಸಿಕೊಂಡು, ಕಂಬಿಗೆ ಒರಗಿ ನಿಂತಿದ್ದವನ ಮೇಲೆ ಬೆರಳನ್ನಿಟ್ಟು ಒಂದು ಹೆಸರು ಹೇಳಿದಳು. ಅವನ ಪಕ್ಕದವಳದು ಇನ್ನೊಂದು. ಬಸ್ಸಿನ ಕಿಟಕಿಯಲ್ಲಿ ಅರ್ಧ ಮುಖ ಕಾಣುತ್ತಿದ್ದವನದು ಮತ್ತೊಂದು. ಹನ್ನೊಂದು ಜನರನ್ನು ಗುರುತಿಸಿದಳು. ಒಬ್ಬೊಬ್ಬರದೂ ಮುಳುಗಡೆಗೆ ಮೊದಲು ಮನೆ ಎಲ್ಲಿತ್ತು, ಯಾರ ಮನೆಯ ಅಂಗಳದಿಂದ ಯಾರ ಮನೆಯ ಮಾವಿನಮರ ಕಾಣುತ್ತಿತ್ತು ಎಂದು ಹೇಳುತ್ತ ಹೋದಳು. ಅವಳಿಗೆ ಬರೆಯಲು ಬಾರದು, ನಾನು ಬರೆದುಕೊಂಡೆನು. ಪಟ್ಟಿ ಸಾಲದೆ ಒಂದು ಹಾಳೆಯನ್ನು ಮಡಿಸಿ ಚಿತ್ರದ ಹಿಂದೆ ಸೇರಿಸಿದ್ದೇನೆ. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆಯಾಯಿತು. ಈಗ ಬಸ್ಸು ನಿಲ್ಲದೆ ದಾಟುವುದು. ಬಹಳ ವರ್ಷ ಬೇಡಿ ಪಡೆದ ಸೇತುವೆ. ರಾತ್ರಿಯಲ್ಲಿ ನೋವು ಬಂದ ಬಸುರಿಗೆ ಲಾಂಚಿನ ಸೊಗಸು ಬೇಕಾಗಿಲ್ಲ. ಆದರೂ ಇಪ್ಪತ್ತು ಜನ ಒಂದೇ ಕಂಬಿಗೆ ಒರಗಿ ನಿಂತು, ಮಾತನಾಡದೆ, ನೀರನ್ನು ನೋಡುವ ಆ ಕಾಲು ತಾಸು ಇನ್ನು ಆ ಚಿತ್ರದಲ್ಲಿ ಮಾತ್ರ ಇದೆ.

ಕಳೆದ ಮಾಘದಲ್ಲಿ ಒಬ್ಬ ತರುಣಿಯು ಬಂದಳು. ಪರಿಚಯವಾಗಲಿಲ್ಲ. ಶಿವಮೊಗ್ಗದಲ್ಲಿ ನರ್ಸಾಗಿದ್ದೇನೆಂದಳು, ತಂದೆ ತೀರಿಕೊಂಡು ಮೂರು ತಿಂಗಳಾಯಿತೆಂದಳು. ಮಂಡಿಯ ಹೆಸರನ್ನು ಹೇಳಿದಾಗ ನನಗೆ ತಿಳಿಯಿತು. ಅವಳು ಬೆಂಚಿನ ಮೇಲೆ ಕೂರದೆ ನಿಂತೇ ಕೇಳಿದಳು:

“ಆ ಪಟ ಇಲ್ಲಿಯೂ ಇದೆಯಾ ಸರ್?”

ಇಲ್ಲವೆಂದೆನು. ಅಚ್ಚು ಹಾಕಿಸಿರಲಿಲ್ಲ, ಮೂಲವನ್ನೂ ಅಂದೇ ಅಳಿಸಿದ್ದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಗ ನಾನು ಐದನೆಯ ಆಲ್ಬಮ್ಮನ್ನು ತೆಗೆದು ಅವಳ ಮುಂದಿಟ್ಟೆನು. ಬಸ್‌ನಿಲ್ದಾಣದ ಆ ಬೆಳಗಿಗೆ ಒಂದು ವಾರದ ಹಿಂದೆ ತೆಗೆದ, ಮಂಡಿಯ ಅಂಗಳದ ಚಿತ್ರ. ಚೀಲಕ್ಕೆ ಕೊಕ್ಕೆ ಹಾಕಿ ಎತ್ತುತ್ತಿದ್ದ ಅವಳ ತಂದೆಯು ಯಾರದೋ ಮಾತಿಗೆ ತಲೆಯೆತ್ತಿ ನಗುತ್ತಿದ್ದಾನೆ. ಆಗ ನನಗೆ ಆತನ ಹೆಸರೂ ಗೊತ್ತಿರಲಿಲ್ಲ.

ಅವಳು ಕುಳಿತಳು. ಒಳಗಿನಿಂದ ಬಂದ ಚಹಾ ಆರಿಹೋಯಿತು.

“ಅಪ್ಪ ನಗುವ ಪಟ ನಮ್ಮ ಮನೆಯಲ್ಲಿ ಒಂದೂ ಇಲ್ಲ” ಎಂದಳು.

ಇನ್ನೊಂದು ಪ್ರತಿಯನ್ನು ದೊಡ್ಡದಾಗಿ ಮಾಡಿಸಿ ಕಳುಹಿಸುತ್ತೇನೆಂದು ಹೇಳಿ, ಅಭ್ಯಾಸಬಲದಿಂದ, ಪೆನ್ಸಿಲನ್ನು ಅವಳ ಕಡೆಗೆ ನೀಡಿದೆನು, ಹೆಸರನ್ನು ಬರೆಯಲೆಂದು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

“ಇನ್ನೊಂದು ಬೇಡ ಸರ್. ಇದನ್ನೇ ಕೊಡಿ. ಇಲ್ಲಿ ಇರುವುದು ಬೇಡ.”

ಜಗಲಿಯೂ ಹಾದಿಹೋಕರ ಸ್ಥಳವೇ ಎಂಬುದು ಅಲ್ಲಿಯವರೆಗೆ ನನ್ನ ಮನಸ್ಸಿಗೆ ಬಂದಿರಲಿಲ್ಲ. ನಾಲ್ಕು ಮೂಲೆಗಳಿಂದ ಚಿತ್ರವನ್ನು ಮೆಲ್ಲಗೆ ಬಿಡಿಸಿ ಅವಳಿಗೆ ಕೊಟ್ಟೆನು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ, ಮೆಟ್ಟಿಲಿಳಿದು ಹೋದಳು. ರಾತ್ರಿ ಅಳಿಯನಿಗೆ ಫೋನು ಮಾಡಿ ಎರಡು ಕಡೆಯ ಮೂಲಪ್ರತಿಗಳನ್ನೂ ಅವಳ ವಿಳಾಸಕ್ಕೆ ಕಳುಹಿಸಿ ಇಲ್ಲಿಂದ ಅಳಿಸಿಬಿಡೆಂದು ಹೇಳಿದೆನು. ಅವನು ಎಂದಿನಂತೆ ಪ್ರಶ್ನೆ ಕೇಳಲಿಲ್ಲ.

ಐದನೆಯ ಆಲ್ಬಮ್ಮಿನ ಆ ಪುಟದಲ್ಲಿ ಈಗ ನಾಲ್ಕು ಮೂಲೆಕಾಗದಗಳೂ ಅವುಗಳ ನಡುವೆ ಬಿಸಿಲಿಗೆ ಮಾಸದ ಕಪ್ಪು ಆಯತವೊಂದೂ ಇವೆ. ಬೇರೆ ಚಿತ್ರವನ್ನು ಅಲ್ಲಿ ಹಾಕಿಲ್ಲ. ಇಲ್ಲಿ ಏನಿತ್ತು ಮೇಷ್ಟ್ರೇ ಎಂದು ಕೇಳುವವರಿಗೆ, ಇದ್ದುದನ್ನು ಮನೆಯವರು ಕೊಂಡುಹೋದರು ಎನ್ನುತ್ತೇನೆ. ಅವರು ಪುಟ ತಿರುಗಿಸುತ್ತಾರೆ; ಮುಂದಿನದು ಮಾರಿಕಾಂಬಾ ಜಾತ್ರೆಯ ತೊಟ್ಟಿಲು.